ಮೆಗ್ನೀಷಿಯಂಗೆ ಅಲ್ಯೂಮಿನಿಯಂ ಜಾಸ್ತಿ ಹಾಕಿದರೆ ಸಾಕಲ್ವಾ?

"ಮೆಗ್ನೀಷಿಯಂ ಮಿಶ್ರಲೋಹ ಏಜಿಂಗ್‌ನಲ್ಲಿ ಇನ್ನೂ ಗಟ್ಟಿಯಾಗಬೇಕು ಅಂದ್ರೆ ಅಲ್ಯೂಮಿನಿಯಂ ಜಾಸ್ತಿ ಹಾಕಿದರೆ ಆಯ್ತಲ್ವಾ?" ಲೋಹಗಳ ಬಗ್ಗೆ ಓದಲು ಶುರು ಮಾಡಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಸಾಲದು. ಕಣಗಳು ಎಷ್ಟು ಹುಟ್ಟಿದವು ಅನ್ನುವುದರ ಜೊತೆಗೆ, ಹರಳಿನೊಳಗೆ ಯಾವ ದಿಕ್ಕಿಗೆ ನಿಂತವು ಅನ್ನುವುದನ್ನೂ ನೋಡಬೇಕು.

ಏಜಿಂಗ್‌ನ ಕ್ರಮ ಸರಳ. ಸೇರಿಸಿದ ಲೋಹ ಮೆಗ್ನೀಷಿಯಂನಲ್ಲಿ ಬೆರೆಯುವಷ್ಟು ಕಾಯಿಸಿ, ಬೇಗ ತಣಿಸಿ, ಆಮೇಲೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಬೆರೆತಿದ್ದ ಪರಮಾಣುಗಳು ಗುಂಪಾಗಿ ಕಣಗಳಾಗುತ್ತವೆ. ಹರಳಿನ ಜೋಡಣೆಯಲ್ಲಿ ಗೆರೆಯಂಥ ದೋಷಗಳಿರುತ್ತವೆ, ಅವೇ ಡಿಸ್‌ಲೊಕೇಶನ್‌ಗಳು. ಅವು ಓಡಿದಾಗ ಹರಳಿನ ಪದರಗಳು ಜಾರಿ ಲೋಹ ಬಾಗುತ್ತದೆ. ಆ ಓಟಕ್ಕೆ ಈ ಕಣಗಳೇ ತಡೆ.

ಲೆಕ್ಕದಲ್ಲಿ ಅಲ್ಯೂಮಿನಿಯಂ ಬಹಳ ಚೆನ್ನಾಗಿ ಕಾಣುತ್ತದೆ. 437 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕದ ಸುಮಾರು 12.7% ಬೆರೆಯುತ್ತದೆ, 200 ಡಿಗ್ರಿಯಲ್ಲಿ 3%ರ ಆಸುಪಾಸು. ಅಂದರೆ ಕಣಗಳಿಗೆ ಸರಕು ಧಾರಾಳ. ಆದರೆ ಮೆಗ್ನೀಷಿಯಂ ಹರಳು ಸುಲಭವಾಗಿ ಜಾರುವುದು ತಳದ ಪದರಗಳ ಗುಂಟ. ಅಲ್ಯೂಮಿನಿಯಂ ಹೆಚ್ಚಿರುವ ಮೆಗ್ನೀಷಿಯಂ ಮಿಶ್ರಲೋಹ ಎಜೆಡ್91ರಲ್ಲಿ ಹುಟ್ಟುವ ಕಣಗಳು, ಅಂದರೆ ದಪ್ಪ ತಟ್ಟೆಗಳು, ಅದೇ ಪದರಕ್ಕೆ ಸಮಾನಾಂತರವಾಗಿ ಮಲಗಿಬಿಡುತ್ತವೆ! ಕಾಗದದ ಕಟ್ಟಿನ ಹಾಳೆಗಳ ನಡುವೆ ರಟ್ಟು ಇಟ್ಟರೆ ಹಾಳೆಗಳು ಜಾರುತ್ತಲೇ ಇರುತ್ತವೆ. ನೆಟ್ಟಗೆ ಮೊಳೆ ಹೊಡೆದರೆ ನಿಲ್ಲುತ್ತವೆ. ಅಲ್ಯೂಮಿನಿಯಂ ಇನ್ನೂ ಹೆಚ್ಚಿಸಿದರೆ ಹರಳುಗಳ ಅಂಚಿನಲ್ಲಿ ಪೆಡಸು ಜಾಲ ಬೆಳೆದು, ಲೋಹ ಬಿರುಕು ಬಿಡುವುದೇ ಜಾಸ್ತಿ.

ಸತು ಹಾಕಿದಾಗ ಆ ಮೊಳೆಗಳು ಸಿಗುತ್ತವೆ. ಕಣಗಳು ಪದರಗಳಿಗೆ ಅಡ್ಡಲಾಗಿ, ಕಡ್ಡಿಗಳ ಹಾಗೆ ನಿಲ್ಲುತ್ತವೆ. ತೊಂದರೆ ಅಂದರೆ ಕಡ್ಡಿಗಳು ವಿರಳ. ಚೂರು ಬೆಳ್ಳಿ, ಚೂರು ಕ್ಯಾಲ್ಸಿಯಂ ಸೇರಿಸಿದರೆ ಅವು ನುಣ್ಣಗಾಗಿ, ಒತ್ತೊತ್ತಾಗಿ ಹುಟ್ಟುತ್ತವೆ. ಇಷ್ಟು ಕಡಿಮೆ ಬೆರಕೆಗೆ ಇಷ್ಟು ಫಲ ಸಿಗುವುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ.

ಇಟ್ರಿಯಂ, ನಿಯೋಡೈಮಿಯಂ, ಗ್ಯಾಡೋಲಿನಿಯಂ ಇನ್ನೂ ಮೇಲು. ಇವುಗಳ ತಟ್ಟೆಗಳೇ ನೆಟ್ಟಗೆ ನಿಂತು ಜಾರುವ ಪದರಗಳನ್ನು ಕತ್ತರಿಸುತ್ತವೆ. ಸುಮಾರು 4% ಇಟ್ರಿಯಂ, 3% ಇತರ ಅಪರೂಪದ ಲೋಹಗಳಿರುವ ಡಬ್ಲ್ಯೂಇ43 ಸುಮಾರು 250 ಡಿಗ್ರಿಯ ತನಕ ಬಲ ಉಳಿಸಿಕೊಳ್ಳುತ್ತದೆ. ಬೆಲೆ ಮಾತ್ರ ಜಾಸ್ತಿ.

ಜಿರ್ಕೋನಿಯಂ ಬಗ್ಗೆಯೂ ಕೇಳುತ್ತಾರೆ. ಅದರ ಮುಖ್ಯ ಕೆಲಸ ಏಜಿಂಗ್ ಅಲ್ಲ, ಎರಕದಲ್ಲಿ ಹರಳುಗಳನ್ನು ಸಣ್ಣದು ಮಾಡುವುದು. ಅಲ್ಯೂಮಿನಿಯಂ ಇದ್ದರೆ ಅದೂ ಆಗುವುದಿಲ್ಲ, ಎರಡೂ ಸೇರಿ ಸಂಯುಕ್ತವಾಗಿಬಿಡುತ್ತವೆ. ಬಿಸಿ ತಡೆಯಬೇಕಾದ ಭಾಗಕ್ಕೆ ನಾನು ಡಬ್ಲ್ಯೂಇ43 ಅನ್ನೇ ಹೇಳುತ್ತೇನೆ. ಉಳಿದ ಕಡೆ ಮೊದಲು ಸತುವಿನ ಮಿಶ್ರಲೋಹ ನೋಡಿ.