ನೈಟ್ರೈಟ್ ಕೊನೆಗೂ ಸೊನ್ನೆ

ಟ್ಯಾಂಕಿನ ನೀರಿನ ನೈಟ್ರೈಟ್ ಪರೀಕ್ಷಾ ನಳಿಕೆಯಲ್ಲಿ ನೇರಳೆ ಹೋಗಿ ತಿಳಿನೀಲಿ ಬಂದಿದೆ. ಮರಿಗಳ ವಿಸರ್ಜನೆಯಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್; ಮೊದಲಿನವೆರಡೂ ವಿಷ. ಪರೀಕ್ಷೆಗೆಂದು ಖಾಲಿ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಅಮೋನಿಯಾ ಹಾಕಿದರೆ 24 ಗಂಟೆಯೊಳಗೆ ಅದೂ ಸೊನ್ನೆ, ನೈಟ್ರೈಟೂ ಸೊನ್ನೆ. ಆಕ್ಸೊಲಾಟಲ್ (ನೀರಿನಲ್ಲೇ ಬಾಳುವ, ಕಿವಿರುಳ್ಳ ಸಲಮಾಂಡರ್) ಮರಿಗಳು ಮಾತ್ರ ಇನ್ನೂ ಡಬ್ಬಿಗಳಲ್ಲೇ ಇವೆ. ದಿನವೂ ಪೂರ್ತಿ ನೀರು ಬದಲಿಸುವ ಚಾಕರಿ ತಪ್ಪಿಲ್ಲ.

ಒಂದರ ಕಾಲನ್ನು ಇನ್ನೊಂದು ಕಚ್ಚಿದ ಕಥೆಯನ್ನು ಎಳೆಯುವುದಿಲ್ಲ. ಬೇರೆ ಬೇರೆ ಇಟ್ಟಾಗಿದೆ, ಬೆರಳು ಚಿಗುರುತ್ತಿದೆ. ಆ ವಿದ್ಯೆಯಲ್ಲಿ ಅವಕ್ಕೆ ನಮ್ಮ ನೆರವು ಬೇಕಿಲ್ಲ. ತಲೆ ತಿಂದದ್ದು ಸಣ್ಣ ಮರಿಯ ಕಿವಿರು. ಅದರ ಮೇಲೆ ಹತ್ತಿಯಂಥ ಬೂಷ್ಟು ಕಾಣಿಸಿಕೊಳ್ಳುವುದು, ಡಬ್ಬಿಯ ತಣ್ಣನೆಯ ಶುದ್ಧ ನೀರಿನಲ್ಲಿ ಮಾಯವಾಗುವುದು, ಟ್ಯಾಂಕಿಗೆ ಬಿಟ್ಟರೆ ಮತ್ತೆ ಹಾಜರಾಗುವುದು. ಅಂಗಡಿಯವರಿಗೆ ಹೇಳಿದಾಗಲೆಲ್ಲ ಹೊಸದೊಂದು ಔಷಧದ ಬಾಟಲಿ ಮುಂದೆ ಬರುತ್ತಿತ್ತು. ಸಾಪ್ರೊಲೆಗ್ನಿಯಾ ಎಂಬ ಈ ನೀರಿನ ಬೂಷ್ಟು ಗಟ್ಟಿಮುಟ್ಟಾದ ಚರ್ಮಕ್ಕೆ ಸುಲಭವಾಗಿ ಹತ್ತುವುದಿಲ್ಲ; ಗಾಯಗೊಂಡ, ಸತ್ತ ಅಂಗಾಂಶ ಸಿಕ್ಕಿದರೆ ಬಿಡುವುದಿಲ್ಲ. ಕಿವಿರನ್ನು ಸುಡುತ್ತಿದ್ದುದು ಅಮೋನಿಯಾ, ನೈಟ್ರೈಟ್ ಉಳಿದ ಟ್ಯಾಂಕಿನ ನೀರು. ಟ್ಯಾಂಕಿಗೆ ಬೂಷ್ಟಿನ ಮದ್ದೆಂದು ಮೆಥಿಲೀನ್ ಬ್ಲೂ ಸುರಿದಿದ್ದರೆ ಫಿಲ್ಟರಿನಲ್ಲಿ ಅಳಿದುಳಿದ ಬ್ಯಾಕ್ಟೀರಿಯಾಕ್ಕೂ ಎಳ್ಳುನೀರು ಬಿಟ್ಟಂತಾಗುತ್ತಿತ್ತು.

ಫಿಲ್ಟರ್ ಹೊಸದಲ್ಲ. ಚೆನ್ನಾಗಿ ಪಳಗಿ, ಕೆಲಸ ಮಾಡಿ, ಆಮೇಲೆ ಮುಷ್ಕರ ಹೂಡಿತ್ತು. 17 ಡಿಗ್ರಿಯಲ್ಲಿ ಈ ಬ್ಯಾಕ್ಟೀರಿಯಾ ನಿಧಾನವೆಂಬುದು ಗೊತ್ತಿರುವುದೇ. ಆದರೆ ನಿಧಾನವಾಗುವುದು ಬೇರೆ, ನಿಂತೇಹೋಗುವುದು ಬೇರೆ. ಪಿಎಚ್ 6.4ಕ್ಕೆ ಜಾರಿತ್ತು. ಕಾರ್ಬೊನೇಟ್ ಗಡಸುತನದ (ಪಿಎಚ್ ಬೀಳದಂತೆ ಹಿಡಿದಿಡುವ ಕ್ಷಾರೀಯತೆಯ) ಮೇಲೆ ಅನುಮಾನ ಬರಬೇಕಾದ ಜಾಗ ಇದೇ, ಆದರೆ ಪರೀಕ್ಷಾ ಪಟ್ಟಿ ಪ್ರತಿ ಸಲವೂ ‘ಎಲ್ಲ ಸರಿ’ ಎನ್ನುತ್ತಿತ್ತು. ಬೇಸತ್ತು ಅದೇ ಪಟ್ಟಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದೆ. ಅದೇ ಬಣ್ಣ, ಅದೇ ‘ಎಲ್ಲ ಸರಿ’! ಇಂಥ ಮಾಲನ್ನು ಮುಚ್ಚಳ ಸರಿಯಾಗಿ ಕೂರದ ಡಬ್ಬಿಯಲ್ಲಿ ಕಳುಹಿಸಿದ ಪುಣ್ಯಾತ್ಮರು ‘ಸಂಪೂರ್ಣ ವಿಶ್ವಾಸಾರ್ಹ’ ಎಂದು ಮುದ್ರಿಸಲು ಮರೆತಿರಲಿಲ್ಲ. ಹನಿ ಹಾಕಿ ನೋಡುವ ಕಿಟ್ ತರಿಸಿದೆ. ಮೊದಲ ಹನಿಗೇ ನೀರು ಹಳದಿಯಾಯಿತು, ಅಂದರೆ ಗಡಸುತನ ಬಹುತೇಕ ಇಲ್ಲ.

ಲೆಕ್ಕ ಸರಳ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7.1 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಗಡಸುತನದ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ಮೊದಲೇ ಮೆದುವಾದ ನೀರಿನಲ್ಲಿ, ಎರೆಹುಳು ನುಂಗಿ ಧಾರಾಳವಾಗಿ ವಿಸರ್ಜಿಸುವ ಮರಿಗಳಿರುವಾಗ, ಇಂಥ ಗಂಟು ಎಷ್ಟು ದಿನ ಬಾಳೀತು?

ಮದ್ದು ಹವಳದ ಚೂರು; ನಿಧಾನವಾಗಿ ಕರಗಿ ಗಡಸುತನ ತುಂಬುತ್ತದೆ. ಜಾಲರಿ ಚೀಲಕ್ಕೆ ತುಂಬಿ ಫಿಲ್ಟರಿನೊಳಗೆ ಇಟ್ಟಿದ್ದೇನೆ. ತಳಕ್ಕೆ ಹರಡಿದರೆ ಬಾಯಿಗೆ ಹಿಡಿಯುವುದನ್ನೆಲ್ಲ ನುಂಗುವ ಈ ಮಹಾಶಯರ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಮರಿಗಳು ಒಳಗಿರುವಾಗ ಮಾತ್ರ ಅಡುಗೆ ಸೋಡಾ ಹಾಕಿ ಪಿಎಚ್ ಅನ್ನು ಒಮ್ಮೆಲೇ ಏರಿಸಬೇಡಿ. ನೀರಿನಲ್ಲಿ ಅಮೋನಿಯಾ ಉಳಿದಿದ್ದರೆ, ಪಿಎಚ್ 7ರಿಂದ 8ಕ್ಕೆ ಹೋದಾಗ ಅದರ ವಿಷಕಾರಿ ಪಾಲು ಸರಿಸುಮಾರು ಹತ್ತು ಪಟ್ಟಾಗುತ್ತದೆ. ಡಬ್ಬಿಯ ಚಾಕರಿ ಬೇಸರದ್ದಾದರೂ ಇಲ್ಲಿ ಅದೇ ಕ್ಷೇಮ.

ಉಳಿದ ಹವಳವನ್ನು ಕಂಡಾಗಿನಿಂದ ಮನಸ್ಸು ಮರಿಗಳ ಆಹಾರಕ್ಕೆಂದು ಡಾಫ್ನಿಯಾ ಎಂಬ ಪುಟಾಣಿ ನೀರುಜೀವಿ ಸಾಕುವತ್ತ ಓಡುತ್ತಿದೆ. ಚಿಪ್ಪು ಕಟ್ಟಲು ಅವಕ್ಕೂ ಕ್ಯಾಲ್ಸಿಯಂ ಬೇಕು. ಒಂದು ಪೀಪಾಯಿ, ಪಾಚಿಗಟ್ಟಿದ ಹಸಿರು ನೀರು, ತೆಳುವಾಗಿ ಗಾಳಿ. ತಾಮ್ರದ ಅಂಶವಿರುವ ಬಸವನಹುಳುವಿನ ಮದ್ದು ಆ ದಿಕ್ಕಿಗೂ ಸುಳಿಯಕೂಡದು. ಮರಿಗಳ ಆಹಾರಕ್ಕೆ ಒಡೆಸುವ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆಯ ಹಳಸಿದ ಡಬ್ಬಿ ಮಾರಿದವರ ಮೇಲಿನ ಸಿಟ್ಟೂ ಇದಕ್ಕೆ ಕಾರಣವೆನ್ನಿ. ನೂರು ಮೊಟ್ಟೆಗೆ ಹತ್ತಾದರೂ ಒಡೆಯಬಾರದೇ?

ಸದ್ಯಕ್ಕೆ ದೊಡ್ಡ ಮರಿ ಮೊದಲು ಟ್ಯಾಂಕಿಗೆ ಹೋಗುತ್ತದೆ. ನೈಟ್ರೈಟ್ ಚೂರು ಕಂಡರೂ ಮರಳಿ ಡಬ್ಬಿಗೆ. ಸಣ್ಣದರ ಕಿವಿರಿನ ಎಳೆಗಳು ಇನ್ನಷ್ಟು ತುಂಬಿಕೊಂಡ ಮೇಲೆ ಅದರ ಸರದಿ. ಗಡಸುತನವನ್ನು ವಾರಕ್ಕೊಮ್ಮೆ ಹನಿ ಹಾಕಿಯೇ ನೋಡುತ್ತೇನೆ. ಆ ಪಟ್ಟಿಗಳು ಬೇಕಾದವರಿದ್ದರೆ ಹೇಳಿ, ಪುಸ್ತಕದಲ್ಲಿ ಗುರುತಿಗೆ ಇಡಲು ಚೆನ್ನಾಗಿವೆ.