ಮಿಲಾನ್‌ಗೂ ಬೊಲೊನ್ಯಕ್ಕೂ ನಡುವೆ ಒಂದು ಕೊಟ್ಟಿಗೆ

ಇಟಲಿಗೆ ಹೋಗುವುದು ಅಂತ ಆದಮೇಲೆ ಮನೆಯಲ್ಲಿ ನಡೆದದ್ದು ಒಂದೇ ಜಗಳ. ಎಷ್ಟು ಊರು? ನನ್ನ ಗಂಡನ ಪಟ್ಟಿಯಲ್ಲಿ ಮಿಲಾನ್, ಕೊಮೊ, ವೆರೋನಾ, ವೆನಿಸ್, ಪಿಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಅಮಾಲ್ಫಿ ಎಲ್ಲ ಇದ್ದವು. ರಾತ್ರಿಗೊಂದು ಊರು. ಜೊತೆಗೆ ಬರುವವರು ಎಪ್ಪತ್ತರ ಹತ್ತಿರದ ಅತ್ತೆ, ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ. ದಿನಾ ಬೆಳಿಗ್ಗೆ ಅವರಿಂದ ಪೆಟ್ಟಿಗೆ ಕಟ್ಟಿಸುವುದಾ? ನಾನು ಪಟ್ಟಿಗೆ ಕತ್ತರಿ ಹಾಕಿದೆ.

ಷೆಂಗೆನ್ ವೀಸಾಗೆ ಎಲ್ಲೆಲ್ಲಿ ಉಳಿಯುತ್ತೀರಿ ಅಂತ ಮೊದಲೇ ಬರೆದು ಕೊಡಬೇಕು, ಹಾಗಾಗಿ ಪ್ಲಾನನ್ನು ಕೊನೆಗೆ ನೋಡೋಣ ಅನ್ನುವ ಹಾಗಿಲ್ಲ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೂಮುಗಳನ್ನೇ ಹಿಡಿದೆವು. ಮಿಲಾನ್‌ಗೆ ಇಳಿದು ರೋಮ್‌ನಿಂದ ಹೊರಡುವ ಟಿಕೆಟ್ ತೆಗೆದೆವು. ಇದರಿಂದ ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯಿತು. ವೆನಿಸ್ ಬಿಟ್ಟೆವು. ಅದಕ್ಕೆ ಗಂಡನಿಗೆ ಇವತ್ತಿಗೂ ಬೇಜಾರು, ನನಗಿಲ್ಲ. ಬರೀ ಹಗಲು ನೋಡಿ ಹೋಗುವವರಿಂದ ಜನ ಜಾಸ್ತಿ ಬರುವ ದಿನಗಳಲ್ಲಿ ಪ್ರವೇಶ ಶುಲ್ಕ ಕೇಳುವಷ್ಟು ಕಿಕ್ಕಿರಿದ ಊರು ಅದು. ಅತ್ತೆಯನ್ನು ಅಲ್ಲಿ ಆ ಸೇತುವೆ ಮೆಟ್ಟಿಲು ಹತ್ತಿಸಿ ಇಳಿಸುತ್ತಾ ತಿರುಗುವುದು ನನ್ನ ಕೈಲಾಗದು.

ವೆನಿಸ್ ಬಿಟ್ಟಿದ್ದರಿಂದ ಸಿಕ್ಕ ದಿನಗಳನ್ನು ಪೊ ನದಿಯ ಬಯಲಿಗೆ ಕೊಟ್ಟೆವು. ಮಿಲಾನ್‌ನಿಂದ ಬೊಲೊನ್ಯಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆ. ಗಂಟೆಗೆ 300 ಕಿಲೋಮೀಟರ್ ಓಡುವ ಆ ರೈಲಿನ ಕಿಟಕಿಯಲ್ಲಿ ಏನೂ ನಿಲ್ಲುವುದಿಲ್ಲ. ನಾವು ಹತ್ತಿದ್ದು ನಿಧಾನದ ರೈಲು. ಪಿಯಾಚೆಂಜಾ, ಪಾರ್ಮಾ, ರೆಜ್ಜೊ ಎಮಿಲಿಯಾ, ಮೊಡೆನಾ, ಬೊಲೊನ್ಯ ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಕ್ರಿ.ಪೂ. 187ರಲ್ಲಿ ರೋಮನ್ನರು ಹಾಕಿದ ವಿಯಾ ಎಮಿಲಿಯಾ ರಸ್ತೆಯ ಮೇಲೇ ಈ ಊರುಗಳು ಬೆಳೆದದ್ದು, ರೈಲೂ ಅದರ ಪಕ್ಕದಲ್ಲೇ ಓಡುತ್ತದೆ. ನಿಧಾನದ ರೈಲಿನ ದರ ಬದಲಾಗುವುದಿಲ್ಲ, ಮೊದಲೇ ಬುಕ್ ಮಾಡುವ ತಲೆನೋವಿಲ್ಲ. ವೇಗದ ರೈಲಿನದ್ದು ದಿನ ಹತ್ತಿರ ಬಂದಂತೆ ಏರುತ್ತಾ ಹೋಗುತ್ತದೆ.

ಬೊಲೊನ್ಯದಲ್ಲಿ ಮಳೆ. ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಊರಿಡೀ ಕಂಬಸಾಲಿನ ಮುಚ್ಚಿದ ಜಗಲಿಗಳು, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಂಥವು. ಕೊಡೆ ಬಿಚ್ಚದೆ ಅರ್ಧ ಊರು ಸುತ್ತಬಹುದು. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ರೆಜ್ಜೊ ಎಮಿಲಿಯಾ ಪಕ್ಕದ ಒಂದು ತೋಟದ ಮನೆಗೆ ಹೋದೆವು.

ಅಲ್ಲಿಗೆ ಹೋದದ್ದು ಪಾರ್ಮಿಜಾನೊ ಚೀಸ್ ಮಾಡುವುದನ್ನು ನೋಡಲು. ಇದಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಹತ್ತು ಗಂಟೆ ಮೇಲೆ ಹೋದರೆ ತೊಳೆದಿಟ್ಟ ನೆಲ ಮಾತ್ರ ಕಾಣುತ್ತದೆ. ಗಂಟೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಆಕಾರದ ತಾಮ್ರದ ಕಡಾಯಿಗಳು ಸಾಲಾಗಿದ್ದವು. ಹಿಂದಿನ ಸಂಜೆಯ ಹಾಲು ರಾತ್ರಿಯಿಡೀ ನಿಂತು, ಮೇಲಿನ ಕೆನೆ ತೆಗೆಸಿಕೊಂಡು, ಬೆಳಗಿನ ಹಾಲಿನ ಜೊತೆ ಕಡಾಯಿಗೆ ಬೀಳುತ್ತದೆ. ಆಮೇಲೆ ನಿನ್ನೆ ಚೀಸ್ ಮಾಡಿ ಉಳಿದ ಹುಳಿ ನೀರು ಸ್ವಲ್ಪ. ಇದನ್ನು ನೋಡಿ ಅತ್ತೆಗೆ ಖುಷಿಯೋ ಖುಷಿ. "ಹೆಪ್ಪು ಹಾಕ್ತಾವ್ರೆ ನೋಡು" ಅಂದರು. ಹಾಲು ಗಟ್ಟಿಯಾದ ಮೇಲೆ ಉದ್ದ ಹಿಡಿಯ ತಂತಿಯ ಕಡೆಗೋಲಿನಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಒಡೆಯುತ್ತಾರೆ, 55 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕಾಳೆಲ್ಲ ತಳಕ್ಕೆ ಕೂತು ಒಂದು ಗಡ್ಡೆಯಾಗುತ್ತದೆ. ಇಬ್ಬರು ಅದನ್ನು ಬಟ್ಟೆಯಲ್ಲಿ ಮೇಲೆತ್ತಿ, ಚಾಕುವಿನಿಂದ ಎರಡು ಭಾಗ ಮಾಡಿದರು. ಒಂದೊಂದು ಭಾಗ ಒಂದೊಂದು ಚೀಸ್ ಚಕ್ರ, ಸುಮಾರು 40 ಕಿಲೋ. ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ಆಮೇಲೆ ಹೆಚ್ಚುಕಡಿಮೆ ಮೂರು ವಾರ ಉಪ್ಪುನೀರಿನಲ್ಲಿ, ಕಡಿಮೆಯೆಂದರೆ 12 ತಿಂಗಳು ಹಲಗೆಯ ಮೇಲೆ. ಕೊನೆಗೆ ಪರೀಕ್ಷೆಯವರು ಬಂದು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಾರೆ.

ಗೈಡ್ ಇನ್ನೂ ಮಾತಾಡುತ್ತಿದ್ದಳು. ಅಷ್ಟರಲ್ಲಿ ಅತ್ತೆ ನಾಪತ್ತೆ. ಹುಡುಕಿದರೆ ಪಕ್ಕದ ಕೊಟ್ಟಿಗೆಯಲ್ಲಿ ನಿಂತಿದ್ದರು, ಕೈಯಲ್ಲಿ ರುಚಿ ನೋಡಲು ಕೊಟ್ಟ ಚೀಸ್ ತುಂಡಿನ ಕಾಗದದ ಪೊಟ್ಟಣ. ಎದುರಿಗೆ ನೀಲಿ ಪೇಟದ ಸರದಾರ್‌ಜಿ, ಕೈಯಲ್ಲಿ ಹುಲ್ಲು ಎಳೆಯುವ ಕವೆಗೋಲು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರೂ ಒಂದು ಹಸುವಿನ ಕೆಚ್ಚಲು ತೋರಿಸಿಕೊಂಡು ತಲೆಯಾಡಿಸುತ್ತಿದ್ದರು. ಜಲಂಧರ್ ಕಡೆಯವರಂತೆ. ಹಿಂದಿಗೂ ಕನ್ನಡಕ್ಕೂ ನಡುವೆ ನಾನು ನಿಂತೆ.

"ಎಷ್ಟು ಕರೀತದೆ ಕೇಳವ್ವ."

"ದಿನಕ್ಕೆ ಮೂವತ್ತು ಲೀಟರ್ ಮೇಲೆ, ಮಾತಾಜಿ."

ಅತ್ತೆ ನನ್ನ ಕಡೆ ತಿರುಗಿದರು. "ಸರಿಯಾಗಿ ಕೇಳಿದ್ಯಾ? ನಮ್ಮ ಎಚ್‌ಎಫ್ ಹಸು ಹದಿನೈದು ಕೊಟ್ಟರೆ ಬೀದಿ ಜನ ಬಂದು ನೋಡ್ಕಂಡು ಹೋಗ್ತಾರೆ. ಸೈಲೇಜ್ ಎಷ್ಟು ಹಾಕ್ತಾರಂತೆ?"

ಸೈಲೇಜ್, ಅಂದರೆ ಗಾಳಿಯಾಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು, ಇಲ್ಲಿ ಇಲ್ಲವೇ ಇಲ್ಲ. ಈ ಚೀಸಿಗೆ ಹಾಲು ಕೊಡುವ ಹಸುಗಳಿಗೆ ಅದನ್ನು ಹಾಕುವ ಹಾಗಿಲ್ಲ, ಕಾನೂನೇ ಇದೆ. ಸೈಲೇಜ್‌ನಿಂದ ಹಾಲಿಗೆ ಸೇರುವ ಒಂದು ಜಾತಿಯ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಇಟ್ಟ ಚೀಸನ್ನು ಒಳಗಿಂದ ಉಬ್ಬಿಸಿ ಒಡೆಯುತ್ತದೆ. ಹಾಗಾಗಿ ಮುಖ್ಯವಾಗಿ ಒಣಹುಲ್ಲು, ಕುದುರೆಮಸಾಲೆ ಸೊಪ್ಪು. ಅತ್ತೆ ಒಂದು ಹಿಡಿ ಹುಲ್ಲು ಎತ್ತಿ ಮೂಸಿ ನೋಡಿದರು.

ಆಮೇಲೆ ಮಾತು ಮನೆಯ ಕಡೆ ತಿರುಗಿತು. ಬೆಳಗಿನ ನಾಲ್ಕಕ್ಕೆ ಒಮ್ಮೆ, ಸಂಜೆ ಒಮ್ಮೆ ಕರೆಯಬೇಕು. ಹಸುವಿಗೆ ಹಬ್ಬ ಇಲ್ಲ, ರಜೆ ಇಲ್ಲ. ಇಲ್ಲಿನ ಹುಡುಗರು ಈ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಅದಕ್ಕೇ ಪಂಜಾಬಿನವರು ಬಂದರು ಅಂದರು. ಹತ್ತಿರದ ನೊವೆಲ್ಲಾರಾದಲ್ಲಿ 2000ದಲ್ಲೇ ದೊಡ್ಡ ಗುರುದ್ವಾರ ಆಗಿದೆಯಂತೆ.

"ನಮ್ಮ ಕಡೆ ದೊಡ್ಡ ಫಾರಂನಾಗೂ ಈಗ ಬಿಹಾರದ ಹುಡುಗರೇ ಅನ್ನು" ಅಂದರು ಅತ್ತೆ. "ಮಕ್ಕಳು?"

"ಒಬ್ಬಳು ಮಗಳು. ಇಲ್ಲೇ ಹುಟ್ಟಿದ್ದು. ಅಕೌಂಟ್ಸ್ ಓದ್ತಿದ್ದಾಳೆ."

"ಕೊಟ್ಟಿಗೆಗೆ ಬರ್ತಾಳಾ?"

"ವಾಸನೆ ಅಂತಾಳೆ, ಮಾತಾಜಿ."

ಅತ್ತೆ ತಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅವನು ಶೂಗೆ ಸಗಣಿ ತಾಗದ ಹಾಗೆ ಬಾಗಿಲಲ್ಲೇ ನಿಂತಿದ್ದ.

ಹೊರಡುವಾಗ ಅತ್ತೆ ಪೊಟ್ಟಣ ಬಿಚ್ಚಿ ಅವರಿಗೂ ಒಂದು ತುಂಡು ಹಿಡಿದರು. ಅವರು ಕೈಮುಗಿದು ಬೇಡ ಅಂದರು. ತಾನು ಸಸ್ಯಾಹಾರಿ, ಇದನ್ನು ತಿನ್ನುವುದಿಲ್ಲ. ಹಾಲಿನದ್ದೇ ಅಲ್ವಾ ಅಂದಿದ್ದಕ್ಕೆ ವಿವರಿಸಿದರು: ಹುಳಿ ನೀರು ಒಂದೇ ಅಲ್ಲ, ಹಾಲು ಗಟ್ಟಿಯಾಗಲು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದನ್ನೂ ಹಾಕುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಅತ್ತೆ ಕೇಳಿದರು, "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ನೀವು ಕುರಿ ಕೋಳಿ ತಿಂತೀರಲ್ಲ ಅಂತ..."

"ಕರು ಬೇರೆ ಕಣವ್ವ."

ಪೊಟ್ಟಣ ನನ್ನ ಕೈಗೆ ಬಂತು. ಆಮೇಲೆ ಇಟಲಿ ಬಿಡುವವರೆಗೂ ಪ್ರತಿ ಊಟಕ್ಕೂ ಮೊದಲು ಅವರದು ಒಂದೇ ಪ್ರಶ್ನೆ: "ಇದರಾಗೆ ಕರು ಇಲ್ವಲ್ಲ?" ಸಸ್ಯಾಹಾರಿಗಳು ತಿಳಿದಿರಲಿ, ಪಾರ್ಮಿಜಾನೊ ಎಂದರೆ ಯಾರು ಮಾಡಿದರೂ ಇದೇ. ಗಿಡದ ಹೆಪ್ಪಿನ ಚೀಸ್ ಬೇಕಾದರೆ 'ಕಾಲ್ಯೊ ವೆಜೆತಾಲೆ' ಅಂತ ಕೇಳಿ, ಕೆಲವು ಕುರಿಹಾಲಿನ ಚೀಸ್‌ಗಳು ಹಾಗೆ ಸಿಗುತ್ತವೆ. ಈ ಕಡೆಯ ಉಬ್ಬಿದ ಕರಿದ ತಿಂಡಿ ಞೊಕ್ಕೊ ಫ್ರಿತ್ತೊ ನೋಡಲು ಸಾಧುವಾಗಿದ್ದರೂ ಹೆಚ್ಚಾಗಿ ಹಂದಿ ಕೊಬ್ಬಿನಲ್ಲೇ ಕರಿದಿರುತ್ತದೆ.

ಮರುದಿನ ಭಾನುವಾರ. ಫ್ಲಾರೆನ್ಸ್‌ಗೆ ಹೊರಡಬೇಕಿದ್ದವರು ನೊವೆಲ್ಲಾರಾಗೆ ಹೋಗಿ ಗುರುದ್ವಾರದಲ್ಲಿ ನೆಲಕ್ಕೆ ಕೂತು ರೊಟ್ಟಿ, ದಾಲ್ ತಿಂದೆವು. ಅತ್ತೆ ಎರಡನೇ ಸಲ ಬಡಿಸಿಕೊಂಡರು.

ಫ್ಲಾರೆನ್ಸ್ ನೂಕುನುಗ್ಗಲು. ಸಿಯೆನಾದ ಇಳಿಜಾರು ಚೌಕ ಚೆಂದ. ಟಸ್ಕನಿ ಪ್ರಾಂತ್ಯದ ವಾಲ್ ದೊರ್ಚಾ ಕಣಿವೆಯ ಸೈಪ್ರೆಸ್ ಮರದ ದಾರಿಗಳು ಫೋಟೊದಲ್ಲಿ ಇದ್ದಷ್ಟೇ ಚೆನ್ನಾಗಿವೆ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. ರೋಮ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಕಾರಿನ ವಿಷಯ ಮಾತ್ರ ಹೇಳಲೇಬೇಕು. ನಮ್ಮ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿದ್ದೆವು. ಅದರಲ್ಲಿ ತೊಂದರೆ ಇಲ್ಲ. ತೊಂದರೆ ಬಂದದ್ದು ಹಳೇ ಊರುಗಳ ಒಳಗಿನ ವಾಹನ ನಿರ್ಬಂಧ ವಲಯದಿಂದ, ಅಲ್ಲಿ ಎಲ್ಲರೂ ಅದನ್ನು ಜೆಡ್‌ಟಿಎಲ್ ಅನ್ನುತ್ತಾರೆ. ತಡೆಗೇಟು ಇರುವುದು ಅಪರೂಪ. ಒಂದು ಬೋರ್ಡು, ಮೇಲೊಂದು ಕ್ಯಾಮೆರಾ, ಅಷ್ಟೇ. ವಲಯದೊಳಗಿನ ಹೋಟೆಲ್‌ನಲ್ಲಿ ಉಳಿಯುವವರ ಕಾರಿನ ನಂಬರನ್ನು ಹೋಟೆಲ್‌ನವರೇ ನಗರಸಭೆಗೆ ತಿಳಿಸಿದರೆ ದಂಡವಿಲ್ಲ. ಟಸ್ಕನಿಯ ಒಂದು ಊರಿನಲ್ಲಿ ನಮ್ಮ ನಂಬರ್ ಬರೆದುಕೊಂಡ ರಿಸೆಪ್ಷನ್‌ನವನು "ಆಯ್ತು, ಆಯ್ತು" ಅಂದ. ಕಳಿಸಲೇ ಇಲ್ಲ. ಊರಿಗೆ ಬಂದು ಎಷ್ಟೋ ದಿನವಾದ ಮೇಲೆ ಮೊದಲು ಬಾಡಿಗೆ ಕಂಪನಿ ನಮ್ಮ ಹೆಸರು, ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಕಾರ್ಡಿನಿಂದ ದುಡ್ಡು ಎಳೆಯಿತು. ಅದು ದಂಡವಲ್ಲ, ಬರೀ ಹೆಸರು ಹೇಳಿದ ಕೂಲಿ. ದಂಡದ ಚೀಟಿ ಆಮೇಲೆ ಬಂತು, 80 ಯೂರೊ ಮೇಲೆ. ವಿದೇಶದವರಿಗೆ ಅದನ್ನು ಕಳಿಸಲು ಅವರಿಗೆ 360 ದಿನ ಸಮಯವಿದೆ, ಆದ್ದರಿಂದ ತಿಂಗಳಾಯಿತು, ತಪ್ಪಿಸಿಕೊಂಡೆವು ಅಂತ ಖುಷಿಪಡಬೇಡಿ. ಚೀಟಿ ಕೈಗೆ ಬಂದ ಐದು ದಿನದೊಳಗೆ ಕಟ್ಟಿದರೆ ನೂರಕ್ಕೆ 30 ಕಡಿತ ಸಿಗುತ್ತದೆ. ನಂಬರ್ ಕಳಿಸಿದ್ದೇವೆ ಅನ್ನುವುದನ್ನು ಹೋಟೆಲ್‌ನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಊರ ಹೊರಗಿನ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಒಳಗೆ ನಡೆಯಿರಿ. ನಮ್ಮ ಇಮೇಲ್‌ಗೆ ಆ ಹೋಟೆಲ್‌ನವರು ಕಳಿಸಿದ ಉತ್ತರ ಇಷ್ಟೇ: ನಮ್ಮಲ್ಲಿ ಉಳಿದಿದ್ದಕ್ಕೆ ಧನ್ಯವಾದ, ದಯವಿಟ್ಟು ಒಳ್ಳೆಯ ರೇಟಿಂಗ್ ಕೊಡಿ.