ಅಲೆಯ ಅಡಿಗೆ ಇಳಿಯೋದು

12 ಅಕ್ಟೋಬರ್ 2025, ಭಾನುವಾರ
ಗುಬ್ಬಿ ತಾಲೂಕು, ತುಮಕೂರು ಜಿಲ್ಲೆ

ಬೆಳಿಗ್ಗೆ ಸರ್ಫಿಂಗ್ ಬೋರ್ಡ್ (ಕಡಲ ಅಲೆಯ ಮೇಲೆ ಜಾರುವ ಹಲಗೆ) ಹೊತ್ತುಕೊಂಡು ಚಿಕ್ಕಪ್ಪನ ತೆಂಗಿನ ತೋಟದ ಬಾವಿಗೆ ಇಳಿದೆ. ಮೆಟ್ಟಿಲಿರುವ ದೊಡ್ಡ ಬಾವಿ, ನೀರು ಮೇಲೇ ಇದೆ. "ಅಲೇನೇ ಇಲ್ಲದ ಬಾವೀಲಿ ಏನ್ ಕಲೀತೀಯೋ?" ಅಂತ ಚಿಕ್ಕಪ್ಪ ಕೇಳಿದರು. ಬೋರ್ಡ್ ಮುಳುಗಿಸೋದನ್ನ ಕಲಿಯಬೇಕು, ಅದಕ್ಕೆ ನಿಂತ ನೀರೇ ಒಳ್ಳೇದು ಅಂದೆ. ಅವರು ಮೆಟ್ಟಿಲ ಮೇಲೆ ಕೂತು ನೋಡಿದರು.

ಸರ್ಫಿಂಗ್ ಅಂದರೆ ಬೋರ್ಡಿನ ಮೇಲೆ ನಿಲ್ಲೋದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಅಲೆ ಒಡೆಯುವ ಜಾಗ ದಾಟಬೇಕಲ್ವಾ? ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲಲ್ಲಿ ಬೋರ್ಡಿನ ಮೇಲೆ ಬೋರಲು ಮಲಗಿ ಎಷ್ಟು ಕೈ ಬೀಸಿದರೂ ನೊರೆ ನನ್ನನ್ನು ದಡಕ್ಕೇ ತಳ್ಳುತ್ತಿತ್ತು. ಅದನ್ನು ದಾಟುವ ದಾರಿ ಡಕ್ ಡೈವ್. ಬೋರ್ಡ್ ಸಮೇತ ಮುಳುಗಿ, ಅಲೆ ತಲೆಯ ಮೇಲೆ ಹೋಗಲು ಬಿಡಬೇಕು.

ಅಲೆಯ ಅಬ್ಬರ ಮೇಲಿನ ನೀರಿನಲ್ಲೇ ಜಾಸ್ತಿ, ಕೆಳಗೆ ಹೋದಷ್ಟೂ ಕಡಿಮೆ. ಆದರೆ ಬೋರ್ಡ್ ಸುಮ್ನೆ ಮುಳುಗುವುದಿಲ್ಲ. ನನ್ನದು 32 ಲೀಟರ್ ಗಾತ್ರದ ಶಾರ್ಟ್‌ಬೋರ್ಡ್, ಅಂದರೆ ಗಿಡ್ಡ ಬೋರ್ಡ್. ಪೂರ್ತಿ ಮುಳುಗಿದರೆ ಸುಮಾರು 32 ಕಿಲೋ ನೀರಿನ ಜಾಗ ಹಿಡಿಯುತ್ತದೆ, ಹತ್ತಿರ ಹತ್ತಿರ ಅಷ್ಟೇ ಬಲದಿಂದ ಮೇಲಕ್ಕೆ ನೂಕುತ್ತದೆ. ಈಜು ಕಲಿಯಲು ಕಟ್ಟಿಕೊಳ್ಳುವ ಸೋರೆಬುರುಡೆಯನ್ನು ನೀರಲ್ಲಿ ಅದುಮಿ ನೋಡಿದವರಿಗೆ ಇದು ಗೊತ್ತು. ಹೊಸಬರಿಗೆ ಕೊಡುವ ಎಂಟಡಿ ಫೋಮ್ ಬೋರ್ಡ್ ಇದಕ್ಕೆ ಆಗುವುದಿಲ್ಲ. ಅದನ್ನು ಗಟ್ಟಿಯಾಗಿ ಹಿಡಿದು, ಬೋರ್ಡ್ ಮೇಲೆ ನಾವು ಕೆಳಗೆ ಆಗುವಂತೆ ಮಗುಚಿಕೊಂಡು ಅಲೆ ದಾಟಿಸಬೇಕು.

ಎರಡೂ ಅಂಚು ಹಿಡಿದು, ಕೈ ನೆಟ್ಟಗೆ ಮಾಡಿ ಮೈಭಾರ ಹಾಕಿದರೆ ಮುಂತುದಿ ಇಳಿಯುತ್ತದೆ. ಅಲ್ಲಿಗೇ ಬಿಟ್ಟರೆ ಹಿಂಭಾಗ ಮೇಲೇ ಉಳಿಯುತ್ತದೆ, ಅಲೆ ಅದನ್ನೇ ಹಿಡಿದು ಎಳೆಯುತ್ತದೆ. "ಕೈಯಲ್ಲಿ ಅರ್ಧ ಕೆಲಸ ಮಾತ್ರ ಮಾರಾಯ್ರೆ, ಉಳಿದದ್ದು ಮೊಣಕಾಲಲ್ಲಿ" ಅಂತ ಸಸಿಹಿತ್ಲಿನ ಕೋಚ್ ಹೇಳಿದ್ದರು. ಬಾವಿಯಲ್ಲಿ ಅದು ಮೈಗೆ ಹತ್ತಿತು. ಒಂದು ಮೊಣಕಾಲನ್ನು ಹಿಂಭಾಗಕ್ಕೆ ಒತ್ತಿ, ಇನ್ನೊಂದು ಕಾಲನ್ನು ಹಿಂದೆ ಮೇಲಕ್ಕೆತ್ತಿದೆ. ಇಡೀ ಬೋರ್ಡ್ ಮಟ್ಟವಾಗಿ ಕೆಳಗೆ ಹೋಯಿತು! ಎದೆಯನ್ನು ಅದಕ್ಕೆ ಅಂಟಿಸಿಕೊಂಡು ಮುಂತುದಿಯನ್ನು ತುಸು ಮೇಲೆ ತಿರುಗಿಸಿದರೆ ಸಾಕು, ಅದೇ ನಮ್ಮನ್ನು ಮೇಲಕ್ಕೆ ತರುತ್ತದೆ. ಎಂಥ ಖುಷಿ ಗೊತ್ತಾ!

ಯಾವಾಗ ಮುಳುಗಬೇಕು ಅನ್ನೋದನ್ನ ಮಾತ್ರ ಕಡಲಲ್ಲೇ ಕಲಿಯಬೇಕು. ಜೋರಾಗಿ ಪ್ಯಾಡಲ್ ಮಾಡುತ್ತಾ, ಅಂದರೆ ಕೈಯಲ್ಲಿ ನೀರು ತಳ್ಳುತ್ತಾ ಹೋಗಿ, ನೊರೆ ಒಂದು ಬೋರ್ಡಿನುದ್ದಕ್ಕಿಂತ ಸ್ವಲ್ಪ ಜಾಸ್ತಿ ದೂರ ಇರುವಾಗಲೇ ಇಳಿಯಬೇಕು. ತೀರಾ ಬೇಗ ಮುಳುಗಿದರೆ ಅಲೆ ಬರುವ ಹೊತ್ತಿಗೆ ಮೇಲೆ ಬಂದಿರುತ್ತೇವೆ. ಏನೇ ಆದರೂ ಬೋರ್ಡ್ ಕೈಬಿಡಬಾರದು. ಹಿಂದೆ ಇನ್ಯಾರೋ ಬರುತ್ತಿರುತ್ತಾರೆ, ಅವರ ಮುಖಕ್ಕೇ ಬಡಿಯಬಹುದು.

ದೀಪಾವಳಿ ರಜೆಗೆ ಶಿರಾಡಿ ಘಾಟಿ ಇಳಿದು ಮೂಲ್ಕಿಗೆ ಹೋಗುತ್ತೇನೆ. ಅಷ್ಟರಲ್ಲಿ ಎಡಮೊಣಕಾಲಿಗೂ ಇದು ರೂಢಿಯಾಗಬೇಕು.